ಭತ್ತದ ಲ್ಯಾಬಿಗೆ ಸರ್ವರ್ ಬಂತು

ನಮ್ಮ ಲ್ಯಾಬಿನಲ್ಲಿ ನಗದೇ ಒಂದು ವಾರ ಕಳೆದದ್ದು ನನಗಂತೂ ನೆನಪಿಲ್ಲ. ಗಂಗಾವತಿ ಹತ್ತಿರ, ಮರಳಿ ಎಂಬ ಊರಿನ ಕಡೆ ಹೋಗುವಾಗ ಗದ್ದೆಗಳ ನಡುವೆ ಸಿಗುವ ಸಣ್ಣ ಭತ್ತದ ಲ್ಯಾಬು ಅದು. ಅಲ್ಲಿಗೊಂದು ಸರ್ವರ್ ಬಂತು, ಅದನ್ನು ಹೊಂದಿಸಿ ನಡೆಸಲು ನಾನು ಬಂದೆ. ರೋಗ ಬಿದ್ದ ಎಲೆಯ ಡಿಎನ್‌ಎ ಓದಿದರೆ ಉದ್ದನೆಯ ಅಕ್ಷರಸಾಲು ಸಿಗುತ್ತದೆ. ಯಾವ ಊರಿನ ಲ್ಯಾಬಿನವರೇ ಆಗಲಿ, ಅದನ್ನು ಇಂಟರ್ನೆಟ್ಟಿನಲ್ಲಿ ನಮಗೆ ಕಳಿಸಿದರೆ ನಮ್ಮ ಸರ್ವರ್ ತನ್ನಲ್ಲಿರುವ ಸಾವಿರಾರು ಜೀವಿಗಳ ಡಿಎನ್‌ಎ ಭಂಡಾರದ ಜೊತೆ ಹೋಲಿಸಿ, ಇದು ಇಂಥ ರೋಗ ಎಂದು ಹೇಳಬೇಕು. ಹೇಳದಿದ್ದರೆ ಯಂತ್ರವನ್ನು ಬೇರೆ ಊರಿಗೆ ಸಾಗಿಸುತ್ತೇವೆ ಎಂದು ಕೊಪ್ಪಳದ ಹಿರಿಯ ಸಾಹೇಬರು ಹೆದರಿಸಿದ್ದರು. ನಮ್ಮ ವಿಜ್ಞಾನಿ ಮೇಡಂ ನನಗೆ ಹೇಳಿದ್ದು ಒಂದೇ ಮಾತು: "ಹಂಗ ಆಗಬಾರದವಾ."

ಅಕ್ಕಿ ಎಲ್ಲಿ?

ರಜೆಗೆ ಕುಷ್ಟಗಿಗೆ ಹೋದೆ. ನಮ್ಮವ್ವ ಓಣಿ ತುಂಬಾ ಸಾರಿಬಿಟ್ಟಿದ್ದಳು, "ನನ್ನ ಮಗಳು ಸರ್ವರ್ ನೋಡ್ಕೊಳ್ಳಾಕಿ" ಅಂತ. ಪಕ್ಕದ ಮನೆ ಅಜ್ಜಿ ಖಾಲಿ ಚೀಲ ಹಿಡಿದುಕೊಂಡೇ ಬಂದಳು.

"ಹೆಬ್ಬೆಟ್ಟು ಒತ್ತಿ ಒತ್ತಿ ಸವದು ಹೋತು. ರೇಷನ್ ಅಂಗಡ್ಯಾಂವ ಸರ್ವರ್ ಇಲ್ಲ, ಸರ್ವರ್ ಇಲ್ಲ ಅಂತಾನ. ಇರ್ತದ ಹೆಂಗ? ನೀ ಇಲ್ಲಿ ಕುಂತು ಮಂಡಕ್ಕಿ ತಿನ್ನಾಕತ್ತಿ!"

"ಅದು ಬ್ಯಾರೆ ಅಜ್ಜಿ. ನಂದು ಭತ್ತದ್ದು."

ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. "ಭತ್ತ ನಿನ್ನ ಕಡೇನ ಐತಿ ಅಂದಮ್ಯಾಲೆ, ಅಕ್ಕಿ ಎಲ್ಲಿಗೆ ಹೋತು?"

ಸಾಹೇಬರ ತಪಾಸಣೆ

ಮೇ ತಿಂಗಳ ಬಿಸಿಲಿನಲ್ಲಿ ಆ ಸಾಹೇಬರೇ ಕೊಪ್ಪಳದಿಂದ ತಪಾಸಣೆಗೆ ಬಂದರು. ಇಡೀ ಲ್ಯಾಬಿನಲ್ಲಿ ಎಸಿ ಇದ್ದದ್ದು ಸರ್ವರ್ ಕೋಣೆಗೆ ಮಾತ್ರ. "ಸುಮ್ನ ಹಂಗ ನೋಡಿ ಹೋಗ್ತೀನಿ" ಎಂದು ಒಳಗೆ ಬಂದವರು ಕುರ್ಚಿ ಎಳೆದುಕೊಂಡು ಕುಳಿತರು.

"ಈ ಹಸರು ಲೈಟ್ ಏನ್ರಿ? ಅದರ ಬಾಜೂದು?"

ಹೇಳಿದೆ. ಮತ್ತೊಂದು ಕೇಳಿದರು. ವಿಷಯ ಭಾಳ ಆಳ ಐತಿ, ಪೂರ್ತಿ ತಿಳಿದೇ ಹೋಗಬೇಕು ಎಂದು ಅಲ್ಲಿಗೇ ಚಹಾ ತರಿಸಿಕೊಂಡರು. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಮೇಲೆ ಸರ್ವರ್ ನಡೆಯುತ್ತಲೇ ಇತ್ತು, ಎಸಿ ಮಾತ್ರ ನಿಂತಿತು.

ಸಾಹೇಬರು ತಟ್ಟನೆ ಎದ್ದು ನಿಂತರು. "ಆತ್ರಿ, ನನಗೆಲ್ಲಾ ತಿಳೀತು."

ಟ್ರಾಫಿಕ್

ಹೊರಗಿನವರು ಇಂಟರ್ನೆಟ್ಟಿನಿಂದ ಸರ್ವರಿಗೆ ಬರುವ ದಾರಿಗೆ ಗೇಟ್‌ವೇ ಅಂತಾರೆ. ಅದು ಮುಚ್ಚಿಕೊಂಡಿತ್ತು. ಮುನಿರಾಬಾದಿನಲ್ಲಿದ್ದ ನೆಟ್‌ವರ್ಕ್ ಇಂಜಿನಿಯರ್ ಫೋನಿನಲ್ಲಿ ಸಿಕ್ಕರು. ಲೈನು ಸರಿಯಿರಲಿಲ್ಲ, ನಾನು ಕಿಟಕಿ ಹತ್ತಿರ ನಿಂತು ಕೂಗಿದೆ: "ಗೇಟ್‌ವೇ ಬಂದ್ ಐತ್ರಿ! ತೆಗೀರಿ! ಎಲ್ಲಾರೂ ಬರಾಕ ಬಿಡ್ರಿ!"

ಯಲಬುರ್ಗಾ ಕಡೆಯ ನಮ್ಮ ವಾಚ್‌ಮನ್ ಕಾಕಾ ಭಾಳ ವಿಧೇಯ ಮನುಷ್ಯ. ಕೇಳಿಸಿಕೊಂಡ, ಹೋಗಿ ಹೆಬ್ಬಾಗಿಲನ್ನೇ ಪೂರ್ತಿ ತೆರೆದ.

ಅತ್ತ ಇಂಜಿನಿಯರ್ ಕೇಳಿದರು: "ಮೇಡಂ, ಈಗ ನೋಡ್ರಿ, ಹೊರಗಿಂದ ಟ್ರಾಫಿಕ್ ಒಳಗ ಬರಾಕತ್ತೇತೇನು?"

ಕಿಟಕಿಯಲ್ಲಿ ನೋಡಿದೆ. "ಬರಾಕತ್ತೇತ್ರಿ. ಎಲ್ಲಾ ಎಮ್ಮಿ."

ಎಲೆಯೊಳಗಿನ ರೋಗ

ಅಂತೂ ಸರ್ವರ್ ಶುರುವಾಯಿತು. ಮೊದಲ ಎಲೆ ತಂದವರು ಮರಳಿಯ ಒಬ್ಬ ರೈತರು. ಎಲೆಯ ಮೇಲೆ ಕಂದು ಚುಕ್ಕೆ. ಪಕ್ಕದ ಹೊಲದವನು ಒಂದು ಔಷಧಿ ಹೊಡಿ ಅಂದಿದ್ದ, ಅಂಗಡಿಯವನು ಇನ್ನೊಂದು. ತಪ್ಪು ಔಷಧಿ ಹೊಡೆದು ಸುಮ್ಮನಿದ್ದರೆ ಪೈರೇ ಹೋಗುತ್ತಿತ್ತು. "ನೀವು ಹೇಳಿದ್ದ ಹೊಡೀತೀನ್ರಿ" ಎಂದು ನಮ್ಮನ್ನು ನಂಬಿ ಕುಳಿತರು.

ಮೇಡಂ ಡಿಎನ್‌ಎ ಓದಿಸಿದರು, ನಾನು ಸರ್ವರಿಗೆ ಕೊಟ್ಟೆ. ಉತ್ತರ ಬಂತು. ಮೊದಲು ಭತ್ತ, ಸರಿ. ಅದರ ಕೆಳಗೆ ರೋಗದ ಹೆಸರು ಇರಬೇಕಾದಲ್ಲಿ ಕೋಳಿ!

ಸೆಟ್ಟಿಂಗು ಬಿಚ್ಚಿದೆ, ಭಂಡಾರವನ್ನು ಮತ್ತೆ ತುಂಬಿದೆ, ಎಲ್ಲ ಹೊಸದಾಗಿ ಜೋಡಿಸಿದೆ. ಮತ್ತೆ ಕೋಳಿ. ಯಂತ್ರ ಲಾರಿ ಹತ್ತುವುದು ಕಣ್ಣಿಗೆ ಕಟ್ಟಿತು. ಕೊನೆಗೆ ಮೇಡಂ ಆ ರೈತರನ್ನೇ ಕರೆದರು.

"ಯಜಮಾನ್ರ, ಎಲಿ ಯಾವುದ್ರಾಗ ತಂದಿದ್ರಿ?"

"ಪ್ಲಾಸ್ಟಿಕ್ ಚೀಲದಾಗ್ರಿ."

"ಅದರಾಗ ಮೊದಲ ಏನಿತ್ತು?"

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು. "ಐತಾರದ ಕೋಳಿ ಇತ್ರಿ. ಆದ್ರ ಝಾಡಿಸೀನ್ರಿ ಮತ್ತ!"

ನಾನು ಕುಣಿಯುವುದೊಂದು ಬಾಕಿ. ಸರ್ವರ್ ನಿಜವನ್ನೇ ಹೇಳಿತ್ತು! ಹೊಸ ಎಲೆಯನ್ನು ಶುಭ್ರ ಕಾಗದದಲ್ಲಿ ತರಿಸಿದೆವು. ಈ ಸಲ ಸ್ಪಷ್ಟವಾಗಿ ಬಂತು: ಬೆಂಕಿ ರೋಗ. ಮೇಡಂ ಹೇಳಿದ ಔಷಧಿಯನ್ನೇ ರೈತರು ಹೊಡೆದರು, ಪೈರು ಉಳಿಯಿತು. ಸಾಹೇಬರೂ ಫೋನ್ ಮಾಡಿ "ಮಿಷನ್ ಅಲ್ಲೇ ಇರಲಿ" ಅಂದರು.

ಭತ್ತ ತೆನೆ ಕಟ್ಟಿದ ಮೇಲೆ ಆ ರೈತರು ಕೈ ಮುಗಿದು ಹೋಗಲು ಬಂದರು. ಮಾತೆಲ್ಲ ಮುಗಿದರೂ ಬಾಗಿಲಲ್ಲೇ ನಿಂತರು.

"ಮತ್ತೇನರ ರೋಗ ಬಂದೈತೇನ್ರಿ?" ಎಂದೆ.

"ಇಲ್ರಿ, ಹೊಲ ಭಾಳ ಛಲೋ ಐತಿ." ಅತ್ತಿತ್ತ ನೋಡಿ ದನಿ ಇಳಿಸಿದರು. "ಆ ಕೋಳಿನ್ನ ಅಂಗಡ್ಯಾಂವ ಜವಾರಿ ಅಂತ ಹೇಳಿ ಕೊಟ್ಟಾನ್ರಿ. ನಿಮ್ಮ ಮಿಷನ್ ಏನಂತದ? ಜವಾರಿನೋ, ಫಾರಂದೋ?"