ಮಾರ್ಗಳಿಯ ಚಳಿ, ನಾಲ್ಕು ಬ್ಯಾಟರಿ

ನಿಯಮ ಬರೆಯುವವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ನಿಯಮ ಮೀರುವವರಿಂದ ಸ್ವಲ್ಪ, ಪಾಲಿಸುವವರಿಂದ ಬಹಳ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ಅಂಚಿಗೆ ಗೆರೆ ಎಳೆಯದೆ ಕಾಗದದ ಮೇಲೆ ಒಂದಕ್ಷರ ಬರೆಯಬಾರದು ಎಂದು ಏಟು ತಿಂದು ಕಲಿತವನು. ತೊಂಬತ್ತರ ದಶಕದ ಕೊನೆಯಲ್ಲಿ ದಿಂಡಿಗಲ್ಲಿನ ಒಂದು ಸಣ್ಣ ಸೋಲಾರ್ ಕಂಪನಿಯಲ್ಲಿದ್ದೆ. ತೇನಿ, ಕಂಬಂ ಕಡೆಯ ತೋಟದ ಮನೆಗಳಿಗೆ ದೀಪ ಕೂರಿಸುವುದು ನನ್ನ ಕೆಲಸ. ಅಲ್ಲಿ ಬ್ಯಾಟರಿಗೆ ಸೆಕೆಯೇ ಶತ್ರು. ಆ ವರ್ಷ ಮಾತ್ರ ನಮ್ಮ ಮುದಲಾಳಿ, ಅಂದರೆ ಕಂಪನಿಯ ಧಣಿ, ನನ್ನನ್ನು ಕೊಡೈಕಾನಲ್‌ಗಿಂತಲೂ ಮೇಲಿರುವ ಒಂದು ಬೆಳ್ಳುಳ್ಳಿ ಊರಿಗೆ ಅಟ್ಟಿದರು. ಮಾರ್ಗಳಿ, ಅಂದರೆ ಧನುರ್ಮಾಸದಲ್ಲಿ, ಅಲ್ಲಿ ಬಕೆಟ್ಟಿನ ನೀರಿನ ಮೇಲೆ ಬೆಳಗಾಗುವಷ್ಟರಲ್ಲಿ ಗಾಜಿನಂಥ ಕೆನೆ ಕಟ್ಟಿರುತ್ತದೆ.

ಮಾತು ಇಷ್ಟು. ಒಂದೇ ಮನೆಗೆ ನಾಲ್ಕು ಬ್ಯಾಟರಿ, ಪರೀಕ್ಷೆಗೆ. ಪೊಂಗಲ್‌ವರೆಗೆ ಚಳಿ ತಡೆದರೆ ಇಡೀ ಊರಿಗೆ ದೀಪ ಹಾಕುವ ಕೆಲಸ, ಅದರ ಮೇಲ್ವಿಚಾರಣೆ ನನಗೆ. ತಡೆಯದಿದ್ದರೆ ನಾನು ದಿಂಡಿಗಲ್ಲಿನ ಅಂಗಡಿಯಲ್ಲಿ ಕೂತು ಟಾರ್ಚ್ ಸೆಲ್ ಮಾರಬೇಕು. ತೀರ್ಪು ಕೊಡುವವರು ಆ ಮನೆಯ ಯಜಮಾನಿ. ಮೂರು ತಲೆಮಾರಿನ ಹಿಂದೆ ತೇನಿ ಸೀಮೆಯ ನಮ್ಮೂರು ಮಾರ್ಕಯನ್‌ಕೋಟ್ಟೈ ಕಡೆಯಿಂದ ಬೆಟ್ಟ ಹತ್ತಿದ ಮನೆತನ. ಮನೆಯಲ್ಲಿ ನಮ್ಮದೇ ಕನ್ನಡ. ನಾನು ದೊಡ್ಡವ್ವ ಎನ್ನುತ್ತಿದ್ದೆ. ಆಕೆ ಹೂಂ ಅಂದರೆ ಊರೇ ಹೂಂ ಅನ್ನುತ್ತಿತ್ತು.

ಬೆಳ್ಳುಳ್ಳಿ ಕೊಟ್ಟಿಗೆಯಲ್ಲಿ ಬ್ಯಾಟರಿ, ಮಾಡಿನ ಮೇಲೆ ಪ್ಯಾನೆಲ್ ಕೂರಿಸಿ, ಅವುಗಳ ಪಾಲನೆಗೆ ಹತ್ತು ನಿಯಮ ಬರೆದು ಗೋಡೆಗೆ ಅಂಟಿಸಿ ಇಳಿದು ಬಂದೆ.

೧. ಹುಲ್ಲಿನ ಹೊದಿಕೆ

ವಾರ ಬಿಟ್ಟು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಒಳ್ಳೆಯ ಬಿಸಿಲು. ಮಾಡಿನ ಮೇಲೆ ನಾನೇ ಕೂರಿಸಿದ ಪ್ಯಾನೆಲ್‌ಗಳು ಕಾಣಿಸುತ್ತಿಲ್ಲ. ಹತ್ತಿ ನೋಡಿದರೆ ಅವುಗಳ ಮೇಲೆ ಒತ್ತಾಗಿ ಒಣಹುಲ್ಲು ಹೊದಿಸಿದೆ. ಕೆಳಗೆ ಬ್ಯಾಟರಿ ಅರ್ಧವೂ ತುಂಬಿಲ್ಲ.

ಯಾರ ಕೆಲಸ ಎಂದು ಕೇಳಿದ್ದಕ್ಕೆ ದೊಡ್ಡವ್ವ ತಮ್ಮದೇ ಎಂದು ಹೆಮ್ಮೆಯಿಂದ ಒಪ್ಪಿಕೊಂಡರು. ಆಲೂಗಡ್ಡೆ ಬೆಳೆದವರಿಗೆ ಅಲ್ಲಿ ಯಾರೂ ಹೇಳಿಕೊಡಬೇಕಿಲ್ಲ: ಪನಿ, ಅಂದರೆ ಆ ಬಿಳಿಯ ಹಿಮ, ಕೂತ ಎಲೆಯ ಮೇಲೆ ಬಿಸಿಲು ನೇರ ಬಿದ್ದರೆ ಎಲೆ ಸುಟ್ಟು ಕರ್ರಗಾಗುತ್ತದೆ. ಪನಿ ಕರಗುವ ತನಕ ಮರೆ ಮಾಡಬೇಕು. ನನ್ನ ಪ್ಯಾನೆಲ್‌ಗಳು ಬರುವಾಗಲೇ ಮುಕ್ಕಾಲು ಕರಿಯಾಗಿದ್ದವಂತೆ; ಪಾವಂ, ಮಿಕ್ಕಿದ್ದನ್ನಾದರೂ ಉಳಿಸೋಣ ಎಂದು ಮಧ್ಯಾಹ್ನದವರೆಗೆ ಮುಚ್ಚಿಟ್ಟಿದ್ದರು.

ನಾನು ಸಾವಧಾನವಾಗಿ ವಿವರಿಸಿದೆ. ಪ್ಯಾನೆಲ್ ಎಲೆಯಲ್ಲ. ಬಿಸಿಲೇ ಅದರ ಊಟ. ಚಳಿಯಲ್ಲಿ ಬ್ಯಾಟರಿ ನಿಧಾನವಾಗಿ ತುಂಬುತ್ತದೆ, ಆದ್ದರಿಂದ ಬೆಳಗಿನ ಒಂದೊಂದು ಗಂಟೆಯೂ ಬೇಕು. ದೊಡ್ಡವ್ವ ಪೂರ್ತಿ ಕೇಳಿಸಿಕೊಂಡರು.

“ಸರಿ ತಂಬಿ, ಬಿಸಿಲೇ ಊಟ ಅಂತಾನೇ ಇಟ್ಕೊ. ಈ ಚಳೀಲಿ ಕಣ್ಣು ಬಿಟ್ಟ ತಕ್ಷಣ ಯಾರಾದ್ರೂ ಉಣ್ತಾರಾ?”

ಹನ್ನೊಂದನೆಯ ನಿಯಮ ಬರೆದೆ.

೨. ಶುದ್ಧವಾದ ನೀರು

ದೊಡ್ಡವ್ವನ ಮಗ ಊರಿನ ತರಕಾರಿ, ಬೆಳ್ಳುಳ್ಳಿಯನ್ನು ಒಡ್ಡನ್‌ಛತ್ರಂ ಮಾರುಕಟ್ಟೆಗೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಬರುವಾಗ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತರಲು ಹೇಳಿದೆ. ಹಾಗೆಂದರೇನು ಎಂದ. ಉಜ್ಜಿ ತೊಳೆದ ಕ್ಯಾನಿನಲ್ಲಿ ತರಬೇಕಾದ ಅತ್ಯಂತ ಶುದ್ಧವಾದ ನೀರು ಎಂದೆ. ವ್ಯಾಖ್ಯಾನದಲ್ಲಿ ತಪ್ಪಿರಲಿಲ್ಲ.

ಮುಂದಿನ ಸಲ ಹೋದಾಗ ಕ್ಯಾನು ಸಿದ್ಧವಾಗಿತ್ತು. ಮುಚ್ಚಳ ತೆಗೆದೆ. ನೀರು ಬೆಳ್ಳಗೆ ಮಬ್ಬಾಗಿದೆ, ಗಂಧದ ವಾಸನೆ, ತಳದಲ್ಲಿ ವಿಭೂತಿ. ಪುಣ್ಯಾತ್ಮ ಒಡ್ಡನ್‌ಛತ್ರಂನಿಂದ ಪಳನಿಗೆ ಲಾರಿ ತಿರುಗಿಸಿ, ಸಾಲಿನಲ್ಲಿ ನಿಂತು ಅಭಿಷೇಕದ ತೀರ್ಥ ಹಿಡಿದು ತಂದಿದ್ದ.

“ಇದಕ್ಕಿಂತ ಶುದ್ಧ ಯಾವುದೈತೆ, ನೀವೇ ಹೇಳಿ ಸಾರ್.”

ಬ್ಯಾಟರಿಗೆ ವಿಭೂತಿ ಆಗಿಬರುವುದಿಲ್ಲ ಎಂದಷ್ಟೇ ಹೇಳಿದೆ. ದೊಡ್ಡವ್ವ ಕ್ಯಾನು ಎತ್ತಿ, ನನ್ನ ಅಂಗೈ ಹಿಡಿಸಿ, ಬ್ಯಾಟರಿಗೆ ಆಗದಿದ್ದರೆ ಬಿಡು, ನೀನಾದರೂ ಕುಡಿ, ಕೋಪ ಇಳಿಯಲಿ ಎಂದರು.

ಕುಡಿದೆ. ಇಳಿಯಲಿಲ್ಲ.

೩. ಬಾಣಂತಿ ಕೋಣೆ

ತಿಂಗಳ ನಡುವೆ ಒಂದು ವಾರ ಪನಿ ಜೋರಾಗಿ ಬಿತ್ತು. ಆತಂಕದಿಂದ ಬಸ್ಸು ಹತ್ತಿ ಹೋದೆ. ಬೆಳ್ಳುಳ್ಳಿ ಕೊಟ್ಟಿಗೆಯ ಪೆಟ್ಟಿಗೆಯಲ್ಲಿ ಎರಡೇ ಬ್ಯಾಟರಿ. ಉಳಿದೆರಡು ಎಲ್ಲಿ ಎಂದರೆ, ಒಳಗೆ ಬೆಚ್ಚಗಿವೆ ಎಂಬ ಉತ್ತರ ಬಂತು. ದೊಡ್ಡವ್ವನ ಸೊಸೆಗೆ ಹೆರಿಗೆಯಾಗಿ ಒಂಬತ್ತು ದಿನ. ಮನೆಯಲ್ಲೆಲ್ಲ ಬೆಚ್ಚನೆಯ ಜಾಗ ಬಾಣಂತಿ ಕೋಣೆ. ಅಲ್ಲಿಗೇ ತಂತಿ ಎಳೆದು, ಕೆಂಡದ ಬಾಂಡ್ಲಿಯ ಪಕ್ಕದಲ್ಲಿ ಬ್ಯಾಟರಿ ಇಟ್ಟಿದ್ದರು.

ತುಂಬುತ್ತಿರುವ ಬ್ಯಾಟರಿಯಿಂದ ಗ್ಯಾಸ್ ಹೊರಡುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ. ಒಳಗೆ ನುಗ್ಗಹೋದೆ. ಬಾಗಿಲಲ್ಲೇ ದೊಡ್ಡವ್ವ ಕೈ ಅಡ್ಡ ಹಿಡಿದರು. ಹೆರಿಗೆಯಾಗಿ ಹನ್ನೊಂದು ದಿನ ಕಳೆಯದೆ ಹೊರಗಿನ ಗಂಡಸು ಒಳಗೆ ಕಾಲಿಡುವಂತಿಲ್ಲ. ನಾನು ನಿಯಮದ ಮನುಷ್ಯ, ಅವರ ನಿಯಮವನ್ನು ಮುರಿಯುವುದು ಹೇಗೆ? ಹೊಸ್ತಿಲಾಚೆ ನಿಂತೇ ಮಗುವಿನ ಜೀವದ ಪ್ರಶ್ನೆ ಎಂದು ವಿವರಿಸಿದೆ. ಕೆಂಡ ಹೊರಗೆ ಹೋಯಿತು, ಹಿಂದೆಯೇ ಹೆಂಗಸರು ಬ್ಯಾಟರಿಗಳನ್ನು ಹೊತ್ತು ತಂದರು.

ಎರಡಕ್ಕೂ ಕಂಬಳಿ ಸುತ್ತಿತ್ತು. ಎರಡರ ಮೈಮೇಲೂ ರೂಪಾಯಿ ಅಗಲದ ಕಾಡಿಗೆಯ ಬೊಟ್ಟು.

ದೃಷ್ಟಿಬೊಟ್ಟು ಮಗುವಿಗೆ ಸರಿ, ಇದಕ್ಕೆ ಯಾರ ಕಣ್ಣು ಬೀಳುತ್ತದೆ ಎಂದು ಕೇಳಿದೆ.

“ವಾರ ವಾರ ಬಂದು ಬಗ್ಗಿ ಬಗ್ಗಿ ನೋಡ್ತೀಯಲ್ಲ ತಂಬಿ, ನಿಂದೇ.”

೪. ಪೊಂಗಲ್ ತೀರ್ಪು

ಬ್ಯಾಟರಿ ಕೊಟ್ಟಿಗೆಗೆ ಮರಳಿತು. ಹೊರಗಿನ ಚಳಿಯಲ್ಲಿ ಅದು ಸಾಯುವುದಿಲ್ಲವೇ ಎಂದು ದೊಡ್ಡವ್ವ ಕೇಳಿದರು. ಅವರಿಗೆ ತಿಳಿಯುವ ಹಾಗೆ ಹೇಳಿದೆ. ಹೊಟ್ಟೆ ತುಂಬಿದ ಬ್ಯಾಟರಿಗೆ ಚಳಿ ಏನೂ ಮಾಡುವುದಿಲ್ಲ. ಖಾಲಿಯಾದದ್ದು ಒಳಗೇ ಹೆಪ್ಪುಗಟ್ಟಿ ಒಡೆದುಹೋಗುತ್ತದೆ. ಆಕೆ ಎರಡೆರಡು ಸಲ ಹೇಳಿಸಿಕೊಂಡರು.

ಅಲ್ಲಿಂದಾಚೆಗೆ ನನ್ನ ಅಳತೆಗಳು ನನ್ನನ್ನೇ ಬೆರಗುಗೊಳಿಸಿದವು. ಯಾವಾಗ ಹೋಗಿ ಹೈಡ್ರೋಮೀಟರ್ ಅದ್ದಿದರೂ ನಾಲ್ಕು ಬ್ಯಾಟರಿಯೂ ಭರ್ತಿ. ಅಂಥ ಚಳಿಯಲ್ಲಿ ಅಂಥ ಅಳತೆಯನ್ನು ನಾನು ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ಚಳಿಗೆಂದು ಚಾರ್ಜಿಂಗ್ ವೋಲ್ಟೇಜನ್ನು ನಾನು ತುಸು ಏರಿಸಿದ್ದೆ. ಎಲ್ಲ ಅದರ ಮಹಿಮೆ ಎಂದು ಮುದಲಾಳಿಗೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ.

ಪೊಂಗಲ್ ಮಾರನೆಯ ದಿನ ಮುದಲಾಳಿ ಮಂಕಿಕ್ಯಾಪು ಹಾಕಿಕೊಂಡು ಜೀಪಿನಲ್ಲಿ ಬಂದರು. ಸಂಜೆ ಮಂಜು ಕವಿಯುತ್ತಿದ್ದಂತೆ ನಾನು ಸ್ವಿಚ್ಚು ಒತ್ತಿದೆ. ಕೊಟ್ಟಿಗೆ ಮದುವೆ ಮಂಟಪದ ಹಾಗೆ ಬೆಳಗಿತು. ನೆರೆದ ಊರಿನವರು ಬಾಯಿ ಬಿಟ್ಟುಕೊಂಡು ನಿಂತರು. ತಿಂಗಳಿನಿಂದ ಉರಿಯುವ ದೀಪಕ್ಕೆ ಇಷ್ಟೇಕೆ ಬೆರಗು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಮುದಲಾಳಿ ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು.

ಐದು ನಿಮಿಷ ಕಳೆದಿರಲಿಲ್ಲ, ದೊಡ್ಡವ್ವ ನನ್ನ ತೋಳು ಜಗ್ಗಿ ನಮ್ಮ ಕನ್ನಡದಲ್ಲಿ, ತೋರಿಸಿದ್ದು ಸಾಕು, ಆರಿಸು ಎಂದರು. ದಿನಾ ಎಷ್ಟು ಹೊತ್ತು ಹತ್ತಿಸುತ್ತೀರಿ ಎಂದು ಕೇಳಿದೆ.

“ಹತ್ತಿಸೋದಾ? ಖಾಲಿಯಾದ್ರೆ ಒಡೆದುಹೋಗ್ತದೆ ಅಂದವನು ನೀನೇ ಅಲ್ಲವಾ? ಆವತ್ತಿಂದ ಒಂದು ಸಂಜೆ ಮುಟ್ಟಿಲ್ಲ. ಲಾಟೀನು ಇಟ್ಕೊಂಡು ಬೆಳ್ಳುಳ್ಳಿ ಬಿಡಿಸ್ತಿದೀವಿ.”

ಆಕೆ ಏನು ಹೇಳುತ್ತಿದ್ದಾರೆ ಎಂದು ಮುದಲಾಳಿ ತಮಿಳಿನಲ್ಲಿ ಕೇಳಿದರು. ಅವರಿಗೆ ಕನ್ನಡ ಬಾರದು. ದೀಪ ಚೆನ್ನಾಗಿದೆ ಅನ್ನುತ್ತಿದ್ದಾರೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಸುಳ್ಳು ಹೇಳಿ ರೂಢಿಯಿಲ್ಲ. ಟಾರ್ಚ್ ಸೆಲ್ಲಿನ ಡಬ್ಬಿಗಳು ಕಣ್ಣ ಮುಂದೆ ಸಾಲಾಗಿ ನಿಂತರೂ ಪದಕ್ಕೆ ಪದ ಹೇಳಿಬಿಟ್ಟೆ.

ಮುದಲಾಳಿ ಮಂಕಿಕ್ಯಾಪು ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇಂಥ ಗಿರಾಕಿ ಸಿಕ್ಕರೆ ಐದು ವರ್ಷವೇನು, ಐವತ್ತು ವರ್ಷ ಗ್ಯಾರಂಟಿ ಬರೆದುಕೊಡುತ್ತೇನೆ ಎಂದರು. ಆದರೂ ಮಾತೆಂದರೆ ಮಾತು. ಇಟ್ಟುಕೊಳ್ಳುತ್ತೀರಾ, ಇಳಿಸಿಕೊಂಡು ಹೋಗಲಾ ಎಂದು ಆಕೆಯನ್ನೇ ಕೇಳಿದರು.

ದೊಡ್ಡವ್ವ ಬ್ಯಾಟರಿಯಿಂದ ಜಾರಿದ್ದ ಕಂಬಳಿಯನ್ನು ಸರಿಪಡಿಸಿದರು.

“ಹೊಟ್ಟೆ ನೋಡಿ ಇಷ್ಟು ದಿನ ಸಾಕಿದೀವಿ, ಈಗ ಹೆಂಗೆ ಕೊಟ್ಟು ಕಳಿಸೋದು? ಊರಿಗೆಲ್ಲಾ ಹಾಕು ತಂಬಿ. ಚಳಿ ಹೋಗಿ ಚಿತ್ತಿರೈ ಬಿಸಿಲು ಬರಲಿ, ಹತ್ತಿಸಿ ನೋಡುವ.”