ಪ್ರಬಂಧ ಸ್ಪರ್ಧೆಯೂ ಎತ್ತಿನ ಔಷಧವೂ

ಮಕ್ಕಳ ಕೈಗೆ ಲೇಖನಿ ಕೊಟ್ಟು, ರಾಜ್ಯಭಾರದ ವಿಷಯ ಬರೆಯಿರಿ ಎಂದರೆ ಏನಾಗುತ್ತದೆ ಅನ್ನುವುದನ್ನು ನನ್ನಂಥ ಮೇಷ್ಟರನ್ನು ಕೇಳಬೇಕು. ಮಹಾರಾಜರ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರ ಎಂದು ವರ್ಗವಾದ ಕಡೆಯಲ್ಲೆಲ್ಲ ಪ್ರಬಂಧ ಸ್ಪರ್ಧೆ ನಡೆಸುವ ಕೆಲಸ ನನ್ನ ಕೊರಳಿಗೇ ಬೀಳುತ್ತಿತ್ತು. ಹೇಳಬೇಕೆಂದಿರುವ ಮೂರು ಪ್ರಸಂಗಗಳಲ್ಲಿ ಎರಡು ಬರೀ ನಗುವಿನವು. ಮೂರನೆಯದರಲ್ಲಿ ಒಬ್ಬ ಹುಡುಗಿಯ ಮುಂದಿನ ಓದೇ ಸಿಕ್ಕಿಕೊಂಡಿತ್ತು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಸರ್ಕಾರದ ಕೃಪೆ

ಪ್ರಬಂಧ ಯಾವುದೇ ಇರಲಿ, 'ಇವೆಲ್ಲವೂ ಶ್ರೀಮನ್ಮಹಾರಾಜರ ಸರ್ಕಾರದ ಕೃಪೆಯಿಂದಲೇ ನಮಗೆ ಲಭಿಸಿವೆ' ಎಂದು ಮುಗಿಸುವುದು ಆಗಿನ ಪದ್ಧತಿ. ಒಂದು ವರ್ಷ ಹುಣಸೂರಿನಲ್ಲಿ ವಿಷಯ 'ಪ್ಲೇಗು'. ಒಬ್ಬ ಹುಡುಗ ಸತ್ತ ಇಲಿ, ಕಂಕುಳ ಗೆಡ್ಡೆ, ಊರು ಬಿಟ್ಟು ಗುಡಿಸಲು ಸೇರಿದ ಜನ ಎಲ್ಲವನ್ನೂ ಮನಕರಗುವಂತೆ ಬರೆದು, ಕೊನೆಗೆ ಆ ವಾಕ್ಯವನ್ನೂ ಹಾಕಿಬಿಟ್ಟಿದ್ದ.

ಬಹುಮಾನ ಹಂಚಲು ಬಂದಿದ್ದ ತಾಲ್ಲೂಕಿನ ಅಮಲ್ದಾರರು ಅವನನ್ನು ಕರೆದರು. "ಏನಯ್ಯಾ, ಪ್ಲೇಗು ಕೊಟ್ಟಿದ್ದು ಸರ್ಕಾರವೇನಯ್ಯ?"

"ಗೊತ್ತಿಲ್ಲ ಸ್ವಾಮಿ. ಎಲ್ಲಕ್ಕೂ ಹಾಕು ಅಂತ ಮೇಷ್ಟ್ರು ಅಂದಿದ್ರು."

ಮಾರನೆಯ ವರ್ಷ ವಿಷಯ ನೀರಾವರಿ. ಆ ವಾಕ್ಯವನ್ನು ನೋಡಿಕೊಂಡು ಹಾಕಿ ಎಂದು ಎಚ್ಚರಿಸಿದ್ದೆ. ಹೆದರಿದ ಹುಡುಗರೆಲ್ಲ ಒಂದೇ ತರಹ ಬರೆದರು: 'ನಮ್ಮ ಕಾಲುವೆಗಳು ತಾವಾಗಿಯೇ ಉಂಟಾದವು.'

ಆನೆಗೆ ಅರ್ಜಿ

ಕೋಟೆಯಲ್ಲಿದ್ದಾಗ ಕಾಡುಪ್ರಾಣಿಗಳಿಂದ ಬೆಳೆ ಕಾಪಾಡುವುದು ಹೇಗೆಂದು ವಿಷಯ ಕೊಟ್ಟೆವು. ತೀರ್ಪಿಗೆ ಬಂದ ಅರಣ್ಯ ಇಲಾಖೆಯ ಸಾಹೇಬರು ಹಂಪಾಪುರದ ಹುಡುಗನ ಪ್ರಬಂಧವನ್ನು ತಾವೇ ಎದ್ದುನಿಂತು ಓದಿದರು.

'ಆನೆ ಬಂದರೆ ತಮಟೆ ಬಡಿಯಬೇಕು. ಹೋಗದಿದ್ದರೆ ಪಂಜು ಹಿಡಿಯಬೇಕು. ಆಗಲೂ ಹೋಗದಿದ್ದರೆ ಕಚೇರಿಗೆ ಅರ್ಜಿ ಕೊಡಬೇಕು. ಅರ್ಜಿಗೆ ಉತ್ತರ ಬರುವುದರೊಳಗೆ ಆನೆ ಬೆಳೆಯೆಲ್ಲ ತಿಂದು ಮುಗಿಸಿ ತಾನೇ ಹೋಗುತ್ತದೆ. ಆದ್ದರಿಂದ ಅರ್ಜಿಯೇ ಉತ್ತಮ ಉಪಾಯ.'

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ನನ್ನತ್ತ ಬಾಗಿ ಮೆಲ್ಲಗೆ ಅಂದರು: "ಬಹುಮಾನ ಇವನಿಗೇ ಕೊಡಿ ಕಣ್ರೀ. ಕೊಡದಿದ್ರೆ ಅದಕ್ಕೂ ಅರ್ಜಿ ಬರೀತಾನೆ."

ಬ್ಯಾಡ ಅಂತ ಬರೀಲಿ

ಕೃಷ್ಣರಾಜನಗರದಲ್ಲಿದ್ದಾಗ ಮಿರ್ಲೆಯ ಗೌಡರೊಬ್ಬರ ಮಗಳು ನನ್ನ ಶಿಷ್ಯೆ. ಅಷ್ಟು ಚುರುಕಿನ ಹುಡುಗಿ ನನಗೆ ಇನ್ನೊಬ್ಬಳು ಸಿಕ್ಕಲಿಲ್ಲ. ಆ ವರ್ಷ ಅವಳ ಮಿಡ್ಲ್ ಸ್ಕೂಲು ಮುಗಿಯುವುದರಲ್ಲಿತ್ತು. ನಾನೇ ಅವರ ಮನೆಗೆ ಹೋದೆ.

"ಗೌಡ್ರೇ, ಮೈಸೂರಲ್ಲಿ ನಿಮ್ಮ ತಂಗಿ ಮನೆ ಇದೆ. ಹುಡುಗೀನ ಹೈಸ್ಕೂಲಿಗೆ ಕಳಿಸಿ."

"ಎಣ್‌ಮಕ್ಳಿಗೆ ಇಷ್ಟು ಓದು ಸಾಕು ಬುಡಿ ಮೇಷ್ಟ್ರೇ. ಮಜ್ಜಿಗೆ ಕುಡೀರಿ."

ಆ ಸಲ ಸ್ಪರ್ಧೆಯ ವಿಷಯವೂ ಅದೇ: ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಕೆ, ಬೇಡವೆ? ಅದರಲ್ಲಾದರೂ ಬರೆಯಲಿ ಎಂದು ಬೇಡಿಕೊಂಡೆ.

"ಬರೀಲಿ. ಆದ್ರೆ ಬ್ಯಾಡ ಅಂತ ಬರೀಬೇಕು. ಅಂಗಾದ್ರೆ ಮಾತ್ರ."

ಹುಡುಗಿ ತಲೆ ತಗ್ಗಿಸಿ, "ಆಗ್ಲಿ ಕಣಪ್ಪ" ಎಂದಳು. ನಾನು ಮಜ್ಜಿಗೆ ಮುಟ್ಟದೆ ಎದ್ದುಬಂದೆ.

ಮೊದಲನೆಯ ಬಹುಮಾನ ಅವಳಿಗೇ ಬಂತು. ಬಹುಮಾನ ಬಂದದ್ದನ್ನು ಸಭೆಯಲ್ಲಿ ಓದಿಸುವುದು ವಾಡಿಕೆ. ಗೌಡರು ಜರಿಪೇಟ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು.

'ಹೆಣ್ಣುಮಕ್ಕಳಿಗೆ ಹೈಸ್ಕೂಲು ಖಂಡಿತ ಬೇಡ' ಎಂದು ಅವಳು ಶುರುಮಾಡಿದಳು.

"ಅಂಗೇಳು ಮಗ!" ಎಂದರು ಗೌಡರು.

'ಓದಿದ ಹೆಣ್ಣು ಮನೆಗೆ ಬಂದ ಕಾಗದವನ್ನು ತಾನೇ ಓದಿಬಿಡುತ್ತಾಳೆ. ಆಗ ಓದಿ ಹೇಳುವ ನೆಪದಲ್ಲಿ ಮನೆಮನೆಯಲ್ಲಿ ಊಟ ಮಾಡುವವರ ಗತಿಯೇನು?'

ಜನ ನಕ್ಕರು. ಗೌಡರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಹಿಂದೆ ತಿರುಗಿ, "ನನ್ ಮಗ್ಳು ಕಣ್ರಪ್ಪ" ಎಂದರು.

'ಓದಿದ ಹೆಣ್ಣು ಔಷಧದ ಸೀಸೆಯ ಮೇಲಿನ ಇಂಗ್ಲಿಷನ್ನೂ ಓದುತ್ತಾಳೆ. ಆಗ ಎತ್ತಿನ ಹೊಟ್ಟೆಯುಬ್ಬರಕ್ಕೆ ತಂದದ್ದನ್ನು ಯಜಮಾನರು ತಮ್ಮ ಕೆಮ್ಮಿಗೆಂದು ಕುಡಿದು, ಚೊಂಬು ಹಿಡಿದು ಹೊಲಕ್ಕೆ ಓಡುವುದು ನಿಂತುಹೋಗುತ್ತದೆ. ಯಜಮಾನರ ಕೆಮ್ಮಿನ ಔಷಧ ಕುಡಿದ ಎತ್ತು ಅವರನ್ನೇ ನೋಡುತ್ತ ನಿಲ್ಲುವುದೂ ತಪ್ಪುತ್ತದೆ. ಊರಿನ ಇಂಥ ಸಂತೋಷವನ್ನು ಹೈಸ್ಕೂಲು ಕಿತ್ತುಕೊಳ್ಳುತ್ತದೆ. ಆದ್ದರಿಂದ ಬೇಡ.'

ಗೌಡರ ನಗು ಅರ್ಧಕ್ಕೇ ನಿಂತಿತು. ಹಿಂದಿನಿಂದ ಯಾರೋ ಕೂಗಿದರು: "ಗೌಡ್ರೇ, ಅವತ್ತು ಅದು ಜ್ವರ ಅಂದಿದ್ರಲ್ಲಾ!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಮೇಲಿದ್ದ ಅಮಲ್ದಾರರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ಮಾತ್ರ ಹುಡುಗಿಯ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಗೌಡರು ಎದ್ದು ನೆಟ್ಟಗೆ ವೇದಿಕೆ ಹತ್ತಿದರು. ಅವಳು ಕಾಗದವನ್ನು ಎದೆಗೆ ಅವುಚಿಕೊಂಡು, "ಬ್ಯಾಡ ಅಂತಾನೇ ಬರ್ದಿವ್ನಿ ಕಣಪ್ಪ" ಎಂದಳು.

ಗೌಡರು ಮಗಳನ್ನು ನೋಡಿದರು, ನಗುತ್ತಿದ್ದ ಜನರನ್ನು ನೋಡಿದರು. ಮೀಸೆಯಡಿ ಅವರಿಗೂ ನಗು ಬಂತು. ನನ್ನ ಕಡೆ ತಿರುಗಿ ಕೈ ಮುಗಿದರು.

"ಮೇಷ್ಟ್ರೇ, ಪರೀಕ್ಷೆ ಮುಗೀತಿದ್ದಂಗೇ ಇವಳ್ನ ಮೈಸೂರಿಗೆ ಸೇರಿಸಿಬುಡಿ. ಊರಲ್ಲೇ ಇಟ್ಕಂಡ್ರೆ ಬರೋ ವರ್ಷ ಇನ್ನೇನೇನ್ ಬರೀತಾಳೋ!"