ಗೀಸರ್ ಸೋರಾಕತ್ತೈತ್ರಿ, ಲಗೂನ ಬರ್ರಿ!

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ಹೊಲದ ಪಂಪ್‌ಸೆಟ್ಟಿನ ಮೋಟರ್ ಸುತ್ತಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಆಮೇಲೆ ಹೊಸ ಮನೆಗಳೆದ್ದವು, ಬಚ್ಚಲಿನ ಹಂಡೆ ಅಟ್ಟ ಹತ್ತಿತು, ಗೋಡೆಗೆ ಗೀಸರ್ ಬಂದು ಕೂತಿತು. ನಮ್ಮ ಕಡೆಯ ಬೋರಿನ ಉಪ್ಪುನೀರು ಕುಡಿದು ಅದು ಸೋರತೊಡಗಿತು. "ಮೋಟರ್ ಮಾಡಾಂವಗ ಗೀಸರ್ ಬರಾಂಗಿಲ್ಲೇನು?" ಎಂದು ಜನರೇ ತೀರ್ಮಾನ ಮಾಡಿ ನನ್ನನ್ನು ಗೀಸರ್ ಮೆಕ್ಯಾನಿಕ್ ಮಾಡಿಬಿಟ್ಟರು. ಅಂದಿನಿಂದ ಇಂದಿನವರೆಗೆ ನಗುವಂಥದ್ದು ಏನಾದರೊಂದು ನಡೆಯದ ವಾರವೇ ಇಲ್ಲ.

ಫೋನಿನಲ್ಲೇ ಶುರುವಾಗುತ್ತದೆ. ಸಾವಳಗಿಯಿಂದ ಒಬ್ಬರು ಫೋನ್ ಮಾಡಿದ್ದರು.

"ಗೀಸರ್ ಸೋರಾಕತ್ತೈತ್ರಿ, ಲಗೂನ ಬರ್ರಿ!"

"ಎಲ್ಲಿ ಸೋರಾಕತ್ತೈತ್ರಿ?"

"ಬಚ್ಚಲದಾಗ."

"ಬಚ್ಚಲದಾಗ ಎಲ್ಲಿ?"

"ಕೆಳಗ."

"ನೀರು ಕೆಳಗ ಬೀಳೂದ್ರಿ. ಎಲ್ಲಿಂದ ಸೋರತೈತಿ?"

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಮ್ಯಾಲಿಂದ."

ಚೀಲ ಹೆಗಲಿಗೇರಿಸಿ ಬಸ್ ಹತ್ತುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಯಾರದೂ ಅಲ್ಲದ ನೀರು

ಹುನ್ನೂರಿನ ಒಂದು ರೈತರ ಮನೆ. ಮಗ ಸರಕಾರಿ ನೌಕರ, ಅಚ್ಚುಕಟ್ಟಿನ ಮನುಷ್ಯ. ಗೀಸರಿನ ಬುಡದಿಂದ ತೊಟ್ಟಿಕ್ಕುವ ನೀರು ನೋಡಿ ನೋಡಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ನಾನು ಹೋಗಿ ಸವೆದ ವಾಷರ್ ಬದಲಿಸಿ, ಒಂದು ಹನಿಯೂ ಬೀಳದಂತೆ ಮಾಡಿ ಬಂದೆ. ಅವನಿಗೆ ಖುಷಿಯೋ ಖುಷಿ. ಆದರೆ ಅವನ ತಾಯಿ ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತು, ನಾನು ಮನೆ ಮುರಿಯಲು ಬಂದವನೇನೋ ಎಂಬಂತೆ ನೋಡುತ್ತಿದ್ದಳು.

ಮುಂದಿನ ಸಂತೆಯ ದಿನ ಅದೇ ಮುದುಕಿ ನನ್ನ ಅಂಗಡಿ ಮುಂದೆ ಹಾಜರು.

"ಏನ್ ಮಾಡಿದಿ ನೀ? ನಮ್ಮ ಎಮ್ಮಿ ಒದಿಯಾಕತ್ತೈತಿ!"

ಗೀಸರಿಗೂ ಎಮ್ಮೆಗೂ ಏನು ಸಂಬಂಧವೆಂದು ತಿಳಿಯದೆ ಸ್ಟೂಲ್ ಕೊಟ್ಟು ಕೂರಿಸಿದೆ. ವಿಷಯ ನಿಧಾನವಾಗಿ ಹೊರಬಿತ್ತು. ಸೋರುವ ಗೀಸರಿನ ಕೆಳಗೆ ಆಕೆ ಬಕೀಟು ಇಡುತ್ತಿದ್ದಳು. ತುಂಬಿದ ಬಿಸಿನೀರಿನಲ್ಲಿ ಹತ್ತಿಕಾಳು, ಹಿಂಡಿ ನೆನೆಸಿ ಎಮ್ಮೆಗೆ ಇಡುತ್ತಿದ್ದಳು. ಆ ರುಚಿ ಹತ್ತಿದ ಎಮ್ಮೆ ಈಗ ತಣ್ಣೀರಿನ ಹಿಂಡಿಗೆ ಮೂತಿ ತಿರುಗಿಸುತ್ತಿತ್ತು, ಹಿಂಡಲು ಕೂತರೆ ಒದೆಯುತ್ತಿತ್ತು.

"ಯವ್ವಾ, ನಳಾ ತಿರುವಿದ್ರ ಬಿಸಿನೀರು ಬರತಾವಲ್ಲ. ಅದನ್ನ ಹಾಕ್ರಿ."

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ನಳದ ನೀರು ಮಗಂದು, ಸೊಸೀದು. 'ಎಮ್ಮಿಗೂ ಗೀಸರ್ ಬೇಕೇನ್ ಬೇ?' ಅಂತ ಕೇಳತಾರ. ಸೋರಿದ ನೀರು ಯಾರದೂ ಅಲ್ಲ. ಅದು ನಂದು."

"ಇನ್ನೊಮ್ಮೆ ನೋಡಿ ಹೋಗುತ್ತೇನೆ" ಎಂಬ ನೆಪದಲ್ಲಿ ಮಗನಿಲ್ಲದ ಹೊತ್ತಿಗೆ ಹುನ್ನೂರಿಗೆ ಹೋಗಿ, ಆ ವಾಷರ್ ಬಿಗಿದಿದ್ದ ಬೋಲ್ಟನ್ನು ಒಂಚೂರು ಸಡಿಲ ಮಾಡಿ ಬಂದೆ. ಮರುದಿನವೇ ಮಗನ ಫೋನ್.

"ಮತ್ತ ಸೋರಾಕತ್ತೈತಲ್ರೀ!"

"ಬೋರಿನ ನೀರು ಸಾಹೇಬ್ರ. ಇನ್ನ ಅದಕ್ಕ ಏನೂ ಮಾಡಾಕ ಬರೂದಿಲ್ಲ."

ಫೋನಿನಲ್ಲಿ ಅವನ ಹಿಂದಿನಿಂದ ತಾಯಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಪಾಪ, ಛಲೋ ಮನಿಶಾ ಅದಾನ. ಇದ್ದದ್ದನ್ನ ಇದ್ದಂಗ ಹೇಳತಾನ!"

ಮೊದಲ ನೀರು ಅಳಿಯನಿಗೆ

ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಮನೆ ಹೋಗಿ ಬೀಳಗಿ ಕಡೆ ಹೊಸ ಮನೆ ಕಟ್ಟಿಕೊಂಡ ಕುಟುಂಬ ಅದು. ಬೀರೇಶ್ವರನ ಒಕ್ಕಲು. ಮನೆಯ ಹಿರಿಯರು ಬಾಳೆಲ್ಲ ಕುರಿ ಕಾಯ್ದವರು. ಹೆಗಲ ಮೇಲಿನ ಕಂಬಳಿ ಹೊಸ ಮನೆಗೆ ಬಂದರೂ ಇಳಿದಿರಲಿಲ್ಲ. ಗೀಸರ್ ಹಾಕಿಸಿದ್ದು ನೌಕರಿಯಲ್ಲಿದ್ದ ಅವರ ಮಗ.

ನಾನು ಹೋದಾಗ ಪಡಸಾಲೆಯಲ್ಲಿ ಅವರ ಅಳಿಯ ಕಾಟಿನ ಮೇಲೆ ಕೂತು ಚಾ ಕುಡಿಯುತ್ತಿದ್ದ. ಹಬ್ಬಕ್ಕೆ ಬಂದವನು. ನಾನು ಸಾಮಾನು ತೆಗೆಯುವಷ್ಟರಲ್ಲಿ ಮಾವನ ಗುಣಗಾನ ಶುರು ಮಾಡಿದ.

"ಇಂಥಾ ಮಾವ ಯಾರಿಗೂ ಸಿಗೂದಿಲ್ರಿ. ನಾ ಬಂದ್ರ ಮೊದಲ ನೀರು ನನಗ. ಮನ್ಯಾಗ ಯಾರಿಗೂ ಬಚ್ಚಲಕ್ಕ ಹೋಗಾಕ ಬಿಡೂದಿಲ್ಲ. ಅಷ್ಟ ಅಲ್ಲ, ನಾ ಜಳಕ ಮಾಡೂ ತನಕಾ ಬಾಗಲದಾಗ ನಿಂತು 'ಅಳ್ಯಾರ, ಆರಾಮ ಅದೀರಿ? ಅಳ್ಯಾರ, ಆರಾಮ ಅದೀರಿ?' ಅಂತ ಕೇಳತಿರತಾರ. ಹಡದ ತಾಯಿ ಕೇಳೂದಿಲ್ರಿ ಹಂಗ!"

ಬಚ್ಚಲಿಗೆ ಹೋಗಿ ನೋಡಿದೆ. ಗೀಸರಿನಿಂದ ಸೋರಿದ ನೀರು ಗೋಡೆಯೊಳಗಿನ ವೈರಿನ ಮೇಲೆ ಇಳಿದು ಗೋಡೆಯೆಲ್ಲ ಹಸಿ. ಟೆಸ್ಟರ್ ಹಚ್ಚಿದರೆ ನಳದಲ್ಲೂ ದೀಪ ಹತ್ತಿತು! ಮೊದಲು ಮೇನ್ ಆಫ್ ಮಾಡಿ ಹಿರಿಯರನ್ನು ಕರೆದೆ.

"ಯಜಮಾನ್ರ, ಇದು ಇವತ್ತು ನಿನ್ನೀದಲ್ಲ. ನೀರಿನ ಕೂಡ ಕರೆಂಟೂ ಸೋರಾಕತ್ತೈತಿ. ಯಾರಿಗೂ ಹೊಡದಿಲ್ಲೇನು?"

"ಹೊಡದಿತ್ತಪಾ," ಎಂದರು ಹಿರಿಯರು ಸಹಜವಾಗಿ. "ದೀಪಾವಳಿಗೆ ನನಗ ಜುಮ್ಮಂತ ಹೊಡೀತು. ಅವತ್ತಿಂದ ನಾ ಮೊದಲ ಹೋಗೂದು ಬಿಟ್ಟೆ."

ಪಡಸಾಲೆಯಲ್ಲಿ ಚಾ ಹೀರುವ ಸದ್ದು ನಿಂತಿತು. ಅಳಿಯ ಕಪ್ಪು ಹಿಡಿದುಕೊಂಡೇ ಬಂದು ಬಚ್ಚಲ ಬಾಗಿಲಲ್ಲಿ ನಿಂತ.

"ಮಾವಾರ, ಯುಗಾದಿಗೆ ಬಂದಾಗ ಮೊದಲ ನೀರು ನನಗ ಕೊಟ್ರಿ?"

"ಕೊಟ್ಟೆವಲ್ರಿ."

"ನಾಗರ ಪಂಚಮಿಗೂ ನನಗ?"

"ನಿಮಗ. ಅಳ್ಯಾ ಅಂದ್ರ ದೊಡ್ಡಾಂವ."

"ಹಂಗಾರ ಇಷ್ಟ ದಿನಾ ನಾ ಈ ಮನಿ ಅಳ್ಯಾ ಅಲ್ಲ. ಟೆಸ್ಟರ್!"

ಒಳಗಿನಿಂದ ಹೆಂಗಸರ ನಗು ಉಕ್ಕಿತು. ಹಿರಿಯರು ಕಂಬಳಿ ಸರಿಮಾಡಿಕೊಂಡು ಮುಗಿಲು ನೋಡಿದರು. ನಾನು ಹಳೆಯ ವೈರ್ ಕಿತ್ತು, ಅರ್ಥಿಂಗ್ ಮಾಡಿ, ಸೋರುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು "ಆತ್ರಿ" ಎಂದೆ. ಹಿರಿಯರು ಕೂಡಲೇ ಒಳಗೆ ಹೋಗಿ ಹೊಸ ಟಾವೆಲ್ ತಂದು ಅಳಿಯನ ಮುಂದೆ ಹಿಡಿದರು.

ಅಳಿಯ ಎರಡೂ ಕೈಯಿಂದ ಅದನ್ನು ಇಸಿದುಕೊಂಡು, ಅಷ್ಟೇ ಭಕ್ತಿಯಿಂದ ನನ್ನ ಹೆಗಲಿಗೆ ಹಾಕಿದ. "ಇನ್ನ ಮ್ಯಾಲ ಈ ಮರ್ಯಾದಿ ಮೆಕ್ಯಾನಿಕ್‌ಗ ಇರಲಿ!"

ಬೆಳಿಗ್ಗೆ ಜಮಖಂಡಿಯಲ್ಲಿ ಜಳಕ ಮಾಡಿಯೇ ಹೋಗಿದ್ದೆ. ಬೀಳಗಿಯಲ್ಲಿ ಮತ್ತೊಮ್ಮೆ ಮಾಡಬೇಕಾಯಿತು. ಬಾಗಿಲ ಹೊರಗೆ ಮಾವ ಅಳಿಯ ಇಬ್ಬರೂ ನಿಂತು ಕೇಳುತ್ತಿದ್ದರು: "ಆರಾಮ ಅದೀರಿ?"

ಮಗ್ಗ ನಿಂತ ಓಣಿ

ಬನಹಟ್ಟಿಯಲ್ಲಿ ಮಗ್ಗಗಳ ಸದ್ದಿನ ನಡುವೆ ಮಾತಾಡುವುದೇ ಒಂದು ವಿದ್ಯೆ. ಅಲ್ಲಿಯವರಿಗೆ ತುಟಿ ನೋಡಿದರೆ ಸಾಕು, ಮಾತು ತಿಳಿಯುತ್ತದೆ. ನನ್ನಂಥ ಹೊರಗಿನವರಿಗೆ ಒದರುವುದೊಂದೇ ಗತಿ.

ಆ ಮನೆಯಲ್ಲಿ ಮುಂದೆ ಪಾವರ್‌ಲೂಮ್, ಹಿಂದೆ ಬಚ್ಚಲು, ನಡುವಿನ ಕೋಣೆಯಲ್ಲಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಮನೆಯ ಅಜ್ಜ. ನಾನು ಸ್ಟೂಲ್ ಹತ್ತಿ ಗೀಸರಿನ ಪೈಪಿನ ನಟ್ಟಿಗೆ ಪಾನಾ, ಅಂದರೆ ಸ್ಪ್ಯಾನರ್, ಹಚ್ಚಿ ಮಾಲಕರಿಗೆ ಒದರಿದೆ: "ನೀರು ಬಂದ್ ಮಾಡ್ರೀ!"

ಮಗ್ಗದ ಹತ್ತಿರವಿದ್ದ ಅವರು ಕಿವಿಗೆ ಕೈ ಹಚ್ಚಿದರು. ಬಚ್ಚಲ ಕತ್ತಲೆಯಲ್ಲಿ ನನ್ನ ತುಟಿ ಅವರಿಗೆ ಕಾಣಲಿಲ್ಲ. ನಾನು ಮತ್ತೆ ಒದರಿದೆ: "ಬಂದ್ ಮಾಡ್ರೀ, ಬಂದ್!"

ಅವರು ತಿಳಿಯಿತೆಂದು ಗೋಣು ಹಾಕಿದರು. ಅದನ್ನು ನಂಬಿ ನಾನು ನಟ್ಟು ಬಿಚ್ಚಿದೆ. ಅವರು ಬಂದ್ ಮಾಡಿದ್ದು ಮಗ್ಗ!

ಕಾದ ನೀರು ರೊಯ್ಯೆಂದು ತೋಳ ಮೇಲೆ ಬಿತ್ತು. ನಾನು ಎದೆಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ "ಅಯ್ಯಯ್ಯೋ, ಸತ್ನೆಪ್ಪೋ!" ಎಂದು ಕೂಗಿದ್ದಕ್ಕೂ ಮಗ್ಗಗಳು ಗಪ್ಪನೆ ನಿಂತದ್ದಕ್ಕೂ ಸರಿಹೋಯಿತು. ನನ್ನ ಕೂಗು ಓಣಿಯ ಕೊನೆಯವರೆಗೆ ಹೋಯಿತು.

ಆ ಓಣಿಯಲ್ಲಿ ಕರೆಂಟ್ ಇದ್ದೂ ಮಗ್ಗ ನಿಂತಿತೆಂದರೆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದೇ ಅರ್ಥ. ಅದರ ಮೇಲೆ ಇಂಥ ಕೂಗು. ಪಕ್ಕದ ಮನೆಯ ಮಗ್ಗ ನಿಂತಿತು, ಎದುರು ಮನೆಯದು ನಿಂತಿತು, ನೋಡನೋಡುತ್ತ ಇಡೀ ಓಣಿಯೇ ಮೌನವಾಯಿತು. ಗಂಡಸರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಬರತೊಡಗಿದರು. ಮಾಲಕರು ನೀರಿನ ವಾಲ್ವ್ ಬಂದ್ ಮಾಡಲು ಮಾಳಿಗೆಗೆ ಓಡಿದ್ದರಿಂದ ಹೇಳುವವರು ಯಾರೂ ಇಲ್ಲ.

ನಡುವಿನ ಕೋಣೆಯಲ್ಲಿ ಅಜ್ಜ ಗೋಡೆಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದರು. ಎಲ್ಲರಿಗಿಂತ ಮುಂದೆ ಬಂದವರೊಬ್ಬರು ತಲೆ ಬಗ್ಗಿಸಿಕೊಂಡೇ ಹಾಸಿಗೆಯ ಹತ್ತಿರ ನಿಂತು ಮೆಲ್ಲಗೆ ಕೇಳಿದರು:

"ಮಣ್ಣು ಕೊಡೂದು ಎಷ್ಟ ಗಂಟೆಕ್ಕ ಇಟ್ಕೊಂಡೀರಿ?"

ಅಜ್ಜ ತುತ್ತು ನುಂಗಿ, ಬಚ್ಚಲಿನಿಂದ ನೀರು ಸುರಿಸುತ್ತ ಹೊರಬಂದ ನನ್ನ ಕಡೆ ಬೆರಳು ತೋರಿಸಿದರು.

"ನನ್ನ ಕೇಳಿದ್ರ ನಾ ಏನ್ ಹೇಳಲಿ? ಅಂವನ್ನ ಕೇಳ್ರಿ. ಸತ್ತೇನಿ ಅಂತ ಒದರಿದಾಂವ ಅಂವಾ!"

ಮುಧೋಳದ ಗಂಗೆ

ಮುಧೋಳದ ಬ್ಯಾಂಕಿನವರೊಬ್ಬರು ಫೋನ್ ಮಾಡಿ ಪಿಸುಮಾತಿನಲ್ಲಿ ಕರೆದರು. ಮೈಸೂರು ಕಡೆಯವರು, ಮಾಳಿಗೆ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದರು.

"ನಮ್ಮ ಗೀಸರ್ ಸೋರಿ ಕೆಳಗೆ ಮಾಲೀಕರ ದೇವರ ಮನೆಗೆ ಇಳೀತಿದೆ. ಸರಿಯಾಗಿ ಶಿವಲಿಂಗದ ಮೇಲೇ ಬೀಳ್ತಿದೆ. ಅವರು ಗಂಗೆ ಇಳಿದಿದ್ದಾಳೆ ಅಂತಿದ್ದಾರೆ. ಓಣಿಯವರೆಲ್ಲ ಬಂದು ಕೈ ಮುಗೀತಿದ್ದಾರೆ. ನಾನು ಯಾವ ಮುಖದಲ್ಲಿ ಹೇಳಲಿ? ಸದ್ದಿಲ್ಲದೆ ಬಂದು ನಿಲ್ಲಿಸಿಬಿಡಿ."

ಹೋದೆ. ಕೆಳಗಿನ ಮನೆಯ ಯಜಮಾನಿ ಅರವತ್ತು ದಾಟಿದ ಗಟ್ಟಿ ಹೆಂಗಸು. ಮೆಟ್ಟಿಲ ಬಳಿಯೇ ನನ್ನನ್ನು ತಡೆದರು.

"ಯಾಕಪಾ ತಮ್ಮಾ, ಮ್ಯಾಲ ಏನ್ ಕೆಲಸ?"

"ಫ್ಯಾನ್ ರಿಪೇರಿ ಐತ್ರಿ."

"ಫ್ಯಾನಿಗೆ ಪೈಪ್ ಪಾನಾ ಯಾಕ ಬೇಕು?"

ಪಾನಾ ಚೀಲದಿಂದ ಅರ್ಧ ಹೊರಗೆ ಇಣುಕುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನನ್ನು ಒಳಗೆ ಕರೆದು ಕೂರಿಸಿ ಬಾಗಿಲು ಮುಂದೆ ಮಾಡಿದರು.

"ಗೀಸರ್ ಅಂತ ನನಗ ಮೊದಲ ವಾರದಾಗ ಗೊತ್ತಾಗೈತಿ. ಮ್ಯಾಲಿನವರು ಊರಿಗೆ ಹೋದ ದಿನ ಗಂಗಿನೂ ರಜಾ ಹಾಕಿದ್ಲು."

"ಹಂಗಾರ ಯಾಕ್ರಿ ಸುಮ್ಮನಿದ್ರಿ?"

ಅವರು ಗೋಡೆಯ ಕಡೆ ನೋಡಿದರು. ಮನೆಯ ನಡುವೆ ಎದ್ದಿದ್ದ ಗೋಡೆ ಅದು. ಅಣ್ಣತಮ್ಮಂದಿರು ಬೇರೆಯಾದಾಗ ಕಟ್ಟಿದ್ದು. ಆಚೆ ಬದಿಗೆ ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಪಾಲಿನ ದಿನ ಯಾವುದೋ ಒಂದು ತಾಮ್ರದ ಕೊಡಕ್ಕಾಗಿ ಮಾತು ನಿಂತುಹೋಗಿತ್ತಂತೆ. ಗಂಡಂದಿರು ಆಮೇಲೆ ಮಾತಾಡತೊಡಗಿದರೂ ಇವರಿಬ್ಬರು ಮಾತಾಡಿರಲಿಲ್ಲ.

"ಗಂಗಿ ಇಳದ ಸುದ್ದಿ ಕೇಳಿ ಅಕಿ ಬಂದ್ಲು ತಮ್ಮಾ. ಇಷ್ಟ ವರ್ಷದ ಮ್ಯಾಲ ನನ್ನ ಹೊಸ್ತಿಲಾ ತುಳದ್ಲು. ಮೊದಲನೇ ದಿನ ಕೈ ಮುಗದು ಹೋದ್ಲು. ಮರುದಿನ ಕುಂತ್ಲು. ನಿನ್ನಿ 'ಅಕ್ಕಾ, ಮೊಣಕಾಲು ನೋವು ಹೆಂಗೈತಿ' ಅಂದ್ಲು." ಅವರು ಕಣ್ಣಿಗೆ ಸೆರಗು ಒತ್ತಿಕೊಂಡರು. "ಇನ್ನೂ ಚಾ ಕುಡದಿಲ್ಲ. ಚಾ ಕುಡಿಯೂ ತನಕಾ ಗೀಸರ್ ಮುಟ್ಟಬ್ಯಾಡ. ಮತ್ತ ಅಕಿಗೆ ಮಾತ್ರ ಸುಳಿವು ಹತ್ತಬಾರದು. ಪಾಪ, ಅಕಿ ಖರೇನ ಗಂಗಿ ಅಂತ ನಂಬ್ಯಾಳ."

ಮೇಲೆ ಹೋಗಿ ಬ್ಯಾಂಕಿನವರಿಗೆ "ಸಾಮಾನು ಬೆಳಗಾವಿಯಿಂದ ಬರಬೇಕ್ರಿ" ಎಂದು ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು. ಗಂಗೆಯ ಕರೆಂಟ್ ಬಿಲ್ ಕಟ್ಟುತ್ತಿದ್ದವರು ಅವರೇ ಅಲ್ಲವೇ!

ಮುಂದಿನ ವಾರ ಯಜಮಾನಿಯ ಫೋನ್ ಬಂತು. ಒಂದೇ ಮಾತು: "ಚಾ ಆತು. ಬಾ."

ಹೋಗಿ ಗೀಸರಿನೊಳಗಿನ ನೀರಿನ ಟಾಕಿ ಬದಲಿಸಿದೆ. ಲಿಂಗದ ಮೇಲಿನ ಹನಿ ನಿಂತಿತು. ಕೆಳಗಿಳಿದು ಬಂದಾಗ ದೇವರ ಮನೆಯ ಮುಂದೆ ಇಬ್ಬರೂ ಕಾಲು ಚಾಚಿ ಕೂತು ಅವಲಕ್ಕಿ ತಿನ್ನುತ್ತ, ಯಾರದೋ ಮದುವೆಯ ಸುದ್ದಿಯಲ್ಲಿ ಮುಳುಗಿದ್ದರು. ಗಂಗೆ ನಿಂತದ್ದನ್ನು ಇಬ್ಬರೂ ಗಮನಿಸಿದಂತೆ ಕಾಣಲಿಲ್ಲ. ನಾನು ಹಗುರಾಗಿ ಹೊರಬಿದ್ದೆ.

ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ಬಂದರು. ನೋಡಿದರೆ ನೆಗೆಣ್ಣಿ. ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದರು:

"ಗೀಸರ್ ಸರಿ ಆತೇನು?"

ನಾನು ಇಣುಕುತ್ತಿದ್ದ ಪಾನಾವನ್ನು ಚೀಲದೊಳಗೆ ತಳ್ಳಿದೆ. "ಯಾವ... ಯಾವ ಗೀಸರ್‍ರಿ?"

"ಸುಮ್ಮನಿರೋ ತಮ್ಮಾ. ನಮ್ಮ ಮನ್ಯಾಗೂ ಒಂದೈತಿ, ಅದೂ ಹಿಂಗ ಸೋರಿತ್ತು. ತುಕ್ಕಿನ ನೀರು ನನಗ ಗೊತ್ತಾಗೂದಿಲ್ಲೇನು? ಗಂಗಿ ಎಲ್ಲೆರ ಕೆಂಪಗಿರತಾಳೇನು?"

"ಮತ್ತ ದಿನಾ ಬಂದು ಕೈ ಮುಗೀತಿದ್ರಿ?"

"ಬರಾಕ ಒಂದು ನೆಪ ಬೇಕಿತ್ತಪಾ," ಎಂದವರು ನನ್ನ ತೋಳು ಹಿಡಿದು ಇನ್ನೂ ಹತ್ತಿರ ಬಂದರು. "ಆದ್ರ ನಮ್ಮಕ್ಕನ ಮುಂದ ಬಾಯಿ ಬಿಟ್ಟೀ ಮತ್ತ! ಪಾಪ, ಅಕಿ ಖರೇನ ಗಂಗಿ ಅಂತ ನಂಬ್ಯಾಳ!"